ಹೊಸ ವರ್ಷದ ಮೂರು ದಿನದ ಉಪವಾಸ ಪ್ರಾರ್ಥನೆ: ಯಾವ ದಿನ ಇಡೋದು, ಹೇಗೆ ನಡೆಸೋದು?

ಪ್ರಶ್ನೆ: ಸಭೆಯ_ಕಾರ್ಯದರ್ಶಿ

ಕರ್ತನ ನಾಮದಲ್ಲಿ ಎಲ್ಲರಿಗೂ ವಂದನೆಗಳು.

ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. 2027ರ ಆರಂಭಕ್ಕೆ ಮೂರು ದಿನ ಉಪವಾಸ ಪ್ರಾರ್ಥನೆ ಇಡೋಣ ಅಂತ ಪಾಲನಾ ಸಮಿತಿಯಲ್ಲಿ ತೀರ್ಮಾನ ಆಗಿದೆ. ಸುಮಾರು 40 ಜನ ಸೇರ್ತಾರೆ. ಕಾಲೇಜು ಹುಡುಗರಿಂದ ಹಿಡಿದು ಎಪ್ಪತ್ತು ದಾಟಿದ ಅಜ್ಜಿಯರವರೆಗೂ ಇದ್ದಾರೆ, ಶುಗರ್, ಬಿಪಿ ಇರೋರೂ ಇದ್ದಾರೆ.

ಡಿಸೆಂಬರ್ 31 ಗುರುವಾರ, ಜನವರಿ 1 ಶುಕ್ರವಾರ, ಮೊದಲ ಭಾನುವಾರ 3ನೇ ತಾರೀಖು. 1, 2, 3ಕ್ಕೇ ಇಡಬೇಕು ಅನ್ನೋರು ಕೆಲವರು. ಜನವರಿ 1 ಸಂತೋಷದ ದಿನ, ಅವತ್ತು ಉಪವಾಸ ಯಾಕೆ ಅನ್ನೋರು ಇನ್ನು ಕೆಲವರು. ಯೌವನಸ್ಥರು ಮಾಂಸ, ಹಾಲು, ಸಿಹಿ ಬಿಡೋ 21 ದಿನದ ದಾನಿಯೇಲನ ಉಪವಾಸ ಮಾಡೋಣ ಅಂತಿದ್ದಾರೆ. ಬೈಬಲಿನ ಎಸ್ತೇರ್ ರಾಣಿಯ ಹಾಗೆ ನೀರೂ ಮುಟ್ಟಬಾರದು ಅಂತ ಒಬ್ಬರು ಪಟ್ಟು ಹಿಡಿದಿದ್ದಾರೆ.

ದಿನ ಯಾವುದು, ಕೂಟಗಳ ಕ್ರಮ ಹೇಗಿರಬೇಕು, ಯಾರು ಮಾಡಬಾರದು, ಉಪವಾಸ ಬಿಡೋದು ಹೇಗೆ? ತಿಳಿದವರು ವಿವರವಾಗಿ ಹೇಳಿ.


ಉತ್ತರ 1: ಹಳೇ_ಉಪದೇಶಿ

ಮೊದಲು ದಿನ ಗೊತ್ತುಮಾಡಿಕೊಳ್ಳಿ, ಉಳಿದದ್ದು ಅದರ ಮೇಲೆ ನಿಂತಿದೆ.

1, 2, 3 ಬೇಡ ಅಂತಲೇ ನಾನು ಹೇಳೋದು. 31ರ ರಾತ್ರಿಯ ವಾಚ್ ನೈಟ್ ಆರಾಧನೆ ಮುಗಿಸಿ, ಪ್ರಭುಭೋಜನ ತೆಗೆದುಕೊಂಡು, ಎಲ್ಲರಿಗೂ ಶುಭಾಶಯ ಹೇಳಿ ಮನೆ ಸೇರುವಾಗ ರಾತ್ರಿ ಎರಡಾಗಿರುತ್ತೆ. ನಿದ್ದೆಗೆಟ್ಟ ಮೈಯಲ್ಲಿ ಬೆಳಗಾಗುತ್ತಲೇ ಉಪವಾಸ ಶುರು ಮಾಡಿದರೆ ಹನ್ನೊಂದು ಗಂಟೆಗೆಲ್ಲ ತಲೆ ಸಿಡಿಯುತ್ತೆ, ಮಧ್ಯಾಹ್ನದ ಕೂಟದಲ್ಲಿ ಅರ್ಧ ಜನ ತೂಕಡಿಸ್ತಾರೆ. ಇನ್ನು 3ನೇ ತಾರೀಖು ಭಾನುವಾರ. ಅದು ಕರ್ತನು ಎದ್ದ ದಿನ. ಆ ದಿನ ಉಪವಾಸ ಸಲ್ಲದು ಅನ್ನೋದು ಸಭೆಯ ಬಹಳ ಹಳೆಯ ರೂಢಿ. 3ನೇ ಶತಮಾನದ ಆರಂಭದಲ್ಲೇ ಉತ್ತರ ಆಫ್ರಿಕದ ಕ್ರೈಸ್ತ ಲೇಖಕ ತೆರ್ತುಲ್ಯನ್ ಅದನ್ನು ಬರೆದಿಟ್ಟಿದ್ದಾನೆ. ಮೇಲಾಗಿ ನಮ್ಮಲ್ಲಿ ಹೊಸ ವರ್ಷದ ಮೊದಲ ಭಾನುವಾರ ಒಡಂಬಡಿಕೆ ಆರಾಧನೆ (ನಮ್ಮನ್ನು ದೇವರಿಗೆ ಮತ್ತೆ ಒಪ್ಪಿಸಿಕೊಡೋ ಆರಾಧನೆ), ಪ್ರಭುಭೋಜನ ಎರಡೂ ಇರುತ್ತೆ. ಅದನ್ನು ಹಬ್ಬವಾಗಿಯೇ ಬಿಡಿ.

ಹಾಗಂತ ಜನವರಿ 1ರಂದು ಉಪವಾಸ ಮಾಡೋದು ತಪ್ಪು ಅಂತ ಯಾರಾದರೂ ಹೇಳಿದರೆ ಅದೂ ಸರಿಯಲ್ಲ. ರೋಮಿನವರು ಜನವರಿಯ ಮೊದಲ ದಿನ ಕುಡಿದು, ಜೂಜಾಡಿ, ಕಾಣಿಕೆ ಹಂಚಿ ಮೆರೆಯುತ್ತಿದ್ದ ಕಾಲದಲ್ಲಿ ಬಿಷಪ್ ಅಗಸ್ಟೀನನು ತನ್ನ ಸಭೆಗೆ ಆ ದಿನವೇ ಒಂದು ಪ್ರಸಂಗ ಮಾಡಿದ್ದಾನೆ. ಅವರು ಹೊಸ ವರ್ಷದ ಕಾಣಿಕೆ ಕೊಡುತ್ತಾರೆ, ನೀವು ಬಡವರಿಗೆ ದಾನ ಕೊಡಿ. ಅವರು ಕುಡಿದು ಮತ್ತರಾಗುತ್ತಾರೆ, ನೀವು ಉಪವಾಸವಿರಿ ಅನ್ನೋದು ಅದರ ಸಾರ. 567ರಲ್ಲಿ ಫ್ರಾನ್ಸಿನ ತೂರ್ ಪಟ್ಟಣದಲ್ಲಿ ಕೂಡಿದ ಬಿಷಪರ ಸಭೆಯೂ ಇದೇ ಕಾರಣಕ್ಕೆ ಜನವರಿಯ ಆರಂಭಕ್ಕೆ ಮೂರು ದಿನದ ವಿಶೇಷ ಪ್ರಾರ್ಥನೆಯನ್ನು ಎತ್ತಿಹಿಡಿಯಿತು. ಸುತ್ತ ನಡೆಯುತ್ತಿದ್ದ ಕುಡಿತ, ಕೂಗಾಟಕ್ಕೆ ಉತ್ತರವಾಗಿ ಹುಟ್ಟಿದ ಉಪವಾಸ ಅದು. ನಮ್ಮ ಊರುಗಳಲ್ಲಿ ಆ ಗದ್ದಲ ಇರೋದು 31ರ ರಾತ್ರಿ. ಹಾಗಾಗಿ 1ನೇ ತಾರೀಖೇ ಬೇಕು ಅನ್ನೋರಿಗೆ ಒಂದು ದಾರಿ ಇದೆ: 31ರ ಮಧ್ಯಾಹ್ನದ ಊಟವಾದ ಮೇಲೆ ಏನೂ ತಿನ್ನದೆ, ರಾತ್ರಿ ಹನ್ನೆರಡರ ನಂತರ ಪ್ರಭುಭೋಜನದ ರೊಟ್ಟಿಯೊಂದಿಗೇ ಉಪವಾಸ ಬಿಡಲಿ. ಹತ್ತು ಹನ್ನೊಂದು ಗಂಟೆ ಆಗುತ್ತೆ, ಆರೋಗ್ಯವಂತರಿಗೆ ಕಷ್ಟವಲ್ಲ.

ಮೂರು ದಿನದ ಕೂಟವನ್ನು 4, 5, 6ಕ್ಕೆ, ಅಂದರೆ ಸೋಮವಾರದಿಂದ ಬುಧವಾರಕ್ಕೆ ಇಡಿ. ಜನವರಿಯ ಮೊದಲ ವಾರ ಪ್ರಾರ್ಥನೆಗೆಂದು ಮೀಸಲಾದ ವಾರವೂ ಹೌದು. 1858ರ ಕೊನೆಗೆ ಪಂಜಾಬಿನ ಲುಧಿಯಾನದಲ್ಲಿ ಕೂಡಿದ್ದ ಮಿಷನರಿಗಳು, 1860ರ ಜನವರಿಯಲ್ಲಿ ಒಂದು ವಾರ ಲೋಕದ ಕ್ರೈಸ್ತರೆಲ್ಲ ಒಟ್ಟಾಗಿ ಪ್ರಾರ್ಥಿಸಬೇಕೆಂದು ಕರೆ ಕಳುಹಿಸಿದರು. ಇವಾಂಜೆಲಿಕಲ್ ಅಲಯನ್ಸ್ ಅನ್ನೋ ಪ್ರೊಟೆಸ್ಟೆಂಟರ ಒಕ್ಕೂಟ ಅದನ್ನು ಕೈಗೆತ್ತಿಕೊಂಡು ವರ್ಷವರ್ಷವೂ ನಡೆಸಿತು. ಆ ಕರೆ ಹೊರಟದ್ದು ನಮ್ಮ ದೇಶದಿಂದ. ಈ ವಿಷಯ ಯೌವನಸ್ಥರಿಗೆ ಮೊದಲ ಕೂಟದಲ್ಲೇ ಹೇಳಿ.

ನೀರಿನ ವಿಷಯ. ಎಸ್ತೇರಳು 4:16ರಲ್ಲಿ ನೀರೂ ಬೇಡ ಅಂದದ್ದು ಒಂದು ಜನಾಂಗವೇ ಅಳಿಯುವ ಹೊತ್ತಿನಲ್ಲಿ. ಅದನ್ನು ವರ್ಷಾರಂಭದ ನಿಯಮ ಮಾಡೋಕೆ ಆಧಾರ ಇಲ್ಲ. ನೀರು ಕುಡಿಯಲಿ.


ಉತ್ತರ 2: ವಾರ್ಡ್_ಸಿಸ್ಟರ್

ಆರೋಗ್ಯದ ಭಾಗ ನಾನು ಬರೀತೀನಿ. ಉದ್ದ ಆಗುತ್ತೆ, ಆದರೆ 40 ಜನರ ಜವಾಬ್ದಾರಿ ತಗೊಳ್ಳೋರು ಪೂರ್ತಿ ಓದಬೇಕು.

ಊಟ ಬಿಡಲೇಬಾರದವರು: ಗರ್ಭಿಣಿಯರು, ಎದೆಹಾಲು ಕುಡಿಸೋರು, 18ರೊಳಗಿನವರು, ಇನ್ಸುಲಿನ್ ತಗೊಳ್ಳೋರು, ಕಿಡ್ನಿ ತೊಂದರೆ ಇರೋರು, ಇತ್ತೀಚೆಗೆ ಹೃದಯಾಘಾತ ಅಥವಾ ಆಪರೇಷನ್ ಆದವರು, ಟಿಬಿ ಚಿಕಿತ್ಸೆಯಲ್ಲಿರೋರು, ಮೂರ್ಛೆರೋಗಕ್ಕೆ ಮಾತ್ರೆ ತಗೊಳ್ಳೋರು, ಹಿಂದೆ ಯಾವಾಗಲಾದರೂ ಊಟ ತ್ಯಜಿಸೋ ಕಾಯಿಲೆಗೆ ಒಳಗಾದವರು. ಇವರು ಮೂರು ದಿನ ಮೊಬೈಲು, ಟಿವಿ, ಸಿಹಿ ಇಂಥದ್ದನ್ನು ಬಿಟ್ಟು ಎಲ್ಲ ಕೂಟಕ್ಕೂ ಬರಲಿ. ಅವರ ಪ್ರಾರ್ಥನೆಯನ್ನು ಕಡಿಮೆ ಅಂತ ಯಾರೂ ಎಣಿಸಬಾರದು. ಇದನ್ನು ಸಭಾಪಾಲಕರ ಬಾಯಿಂದಲೇ ಹೇಳಿಸಿ. ಇಲ್ಲದಿದ್ದರೆ ಸಂಕೋಚಕ್ಕೆ ಬಿದ್ದು ಮುಚ್ಚಿಟ್ಟು ಉಪವಾಸ ಮಾಡ್ತಾರೆ, ಅಪಾಯ ಆಗೋದು ಅಲ್ಲೇ.

ಶುಗರ್ ಮಾತ್ರೆ ಎಲ್ಲವೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದೇ ತಗೊಳ್ಳೋರಿಗೆ ಶುಗರ್ ತೀರಾ ಇಳಿಯೋ ಭಯ ಕಡಿಮೆ. ಗ್ಲಿಮಿಪಿರೈಡ್, ಗ್ಲೈಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಇವು ಊಟ ಇರಲಿ ಬಿಡಲಿ ಮೇದೋಜೀರಕದಿಂದ ಇನ್ಸುಲಿನ್ ಹೊರಡಿಸ್ತಾನೇ ಇರುತ್ತವೆ. ಮಾತ್ರೆ ನುಂಗಿ ಊಟ ಬಿಟ್ಟರೆ ಮಧ್ಯಾಹ್ನಕ್ಕೆ ಬೆವರು, ಕೈ ನಡುಕ, ಮಾತು ತೊದಲೋದು. ಪ್ರಾರ್ಥನೆಯ ಮಧ್ಯೆ ಇದು ಆದರೆ ಸುತ್ತಲಿನವರು ಆತ್ಮಾವೇಶ ಅಂತ ತಿಳಿದು ಬಿಟ್ಟುಬಿಡಬಹುದು. ಹಾಗೆ ಬಿಡಬೇಡಿ. ಇನ್ನು ಹೆಸರು 'ಫ್ಲೋಜಿನ್' ಅಂತ ಮುಗಿಯೋ ಮಾತ್ರೆಗಳು, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಇವು ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕ್ತವೆ, ಜೊತೆಗೆ ನೀರನ್ನೂ. ಇವುಗಳ ಜೊತೆ ಉಪವಾಸ ಸೇರಿದರೆ ಮೀಟರಿನಲ್ಲಿ ಶುಗರ್ ಹೆಚ್ಚು ಕಾಣದಿದ್ದರೂ ರಕ್ತದಲ್ಲಿ ಕೀಟೋನ್ ಏರಿ ವಾಂತಿ, ಏದುಸಿರು ಬರಬಹುದು. ಅದು ತುರ್ತು ಸ್ಥಿತಿ. ಯಾವ ಮಾತ್ರೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕು, ಎಷ್ಟಕ್ಕೆ ಇಳಿಸಬೇಕು ಅನ್ನೋದನ್ನು ಅವರವರ ಡಾಕ್ಟರೇ ಹೇಳಬೇಕು. ಡಿಸೆಂಬರ್ 20ರೊಳಗೆ ಕೇಳಿಕೊಂಡು ಬರೋಕೆ ಹೇಳಿ, ಕ್ರಿಸ್ಮಸ್ ಗಡಿಬಿಡಿಯಲ್ಲಿ ಯಾರೂ ಹೋಗಲ್ಲ.

ಪ್ರಾರ್ಥನೆ ನಡೆಯೋ ಜಾಗದಲ್ಲಿ ಒಂದು ಗ್ಲುಕೋಮೀಟರ್, ಬಿಪಿ ಯಂತ್ರ, ಸಕ್ಕರೆ ಡಬ್ಬಿ, ಒಆರ್‌ಎಸ್ ಪೊಟ್ಟಣ ಇರಲಿ. ಶುಗರ್ 70ಕ್ಕಿಂತ ಕೆಳಗಿಳಿದರೆ ಉಪವಾಸ ಅಲ್ಲಿಗೇ ಮುಗೀತು. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಊಟ ಕೊಡಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ಏನೂ ಹಾಕಬೇಡಿ, ನೇರ ಆಸ್ಪತ್ರೆಗೆ. 300ಕ್ಕಿಂತ ಮೇಲೆ ಹೋದರೂ ಉಪವಾಸ ನಿಲ್ಲಿಸಿ ಡಾಕ್ಟರನ್ನು ನೋಡಬೇಕು.

ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಹೆಚ್ಚು ಹೋಗಿಸೋ ಮಾತ್ರೆ ತಗೊಳ್ಳೋರು ಮೊಣಕಾಲೂರಿ ಬಹಳ ಹೊತ್ತು ಇದ್ದು ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬಂದು ಬೀಳ್ತಾರೆ. ವಯಸ್ಸಾದವರಿಗೆ ಕುರ್ಚಿ ಕೊಡಿ. ಮಾತ್ರೆಯನ್ನು ತಾವೇ ನಿಲ್ಲಿಸೋದು ಬೇಡ.

ಆರೋಗ್ಯವಂತರಿಗೂ ಮೊದಲ ದಿನ ಬರೋ ತಲೆನೋವು ಬಹುಪಾಲು ಹಸಿವಿನದ್ದಲ್ಲ, ಕಾಫಿ ಟೀ ಬಿಟ್ಟದ್ದರದ್ದು. ಕೊನೆಯ ಕಪ್ ಕುಡಿದ 12ರಿಂದ 24 ಗಂಟೆಯೊಳಗೆ ಶುರುವಾಗಿ ಎರಡನೇ ದಿನ ಜೋರಾಗುತ್ತೆ. ನಾಲ್ಕೈದು ದಿನ ಮುಂಚಿನಿಂದ ದಿನಕ್ಕೊಂದು ಕಪ್ ಇಳಿಸ್ತಾ ಬಂದರೆ ಇದು ಬರೋದೇ ಅಪರೂಪ. ತಲೆನೋವಿಗೆ ಖಾಲಿ ಹೊಟ್ಟೆಯಲ್ಲಿ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗಬೇಡಿ, ಹೊಟ್ಟೆ ಹುಣ್ಣಾಗುತ್ತೆ.

ನೀರು ದಿನಕ್ಕೆ ಎರಡೂವರೆ ಲೀಟರ್, ಒಂದೇ ಸಲ ಅಲ್ಲ, ಗಂಟೆಗೊಂದು ಲೋಟದ ಲೆಕ್ಕದಲ್ಲಿ. ಹೃದಯ ವೈಫಲ್ಯ ಇದ್ದು ನೀರಿಗೆ ಮಿತಿ ಹಾಕಿಸಿಕೊಂಡವರಿಗೆ ಈ ಲೆಕ್ಕ ಬೇಡ. ಕೂಟ ಮುಗಿಸಿ ರಾತ್ರಿ ಬೈಕಿನಲ್ಲಿ ಒಬ್ಬೊಬ್ಬರೇ ಹೋಗೋದನ್ನೂ ತಪ್ಪಿಸಿ.

ನಿಮ್ಮ ಸಭೆಗೆ ಹೊಂದೋದು ಸಂಜೆಯವರೆಗಿನ ಉಪವಾಸ: ಬೆಳಿಗ್ಗೆ ಮಧ್ಯಾಹ್ನ ಎರಡು ಊಟ ಬಿಟ್ಟು, ಸಂಜೆ ಕೂಟದ ನಂತರ ಒಂದು ಹಗುರ ಊಟ. ಮೂರು ದಿನ ಬರೀ ನೀರಿನ ಮೇಲೆ ಇರೋದು ಗುಂಪಿಗೆ ಹಾಕೋ ನಿಯಮ ಅಲ್ಲ. ಐದು ದಿನ ಮೀರಿ ಏನೂ ತಿನ್ನದಿದ್ದವರು ಒಮ್ಮೆಲೇ ಹೊಟ್ಟೆ ತುಂಬ ತಿಂದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಕುಸಿದು ಹೃದಯಬಡಿತ ತಪ್ಪಬಹುದು, ಜೀವಕ್ಕೇ ಅಪಾಯ. ಬೆಟ್ಟಕ್ಕೆ ಹೋಗಿ ಏಳು ದಿನ, ಹತ್ತು ದಿನ ಬರೀ ನೀರಲ್ಲಿರ್ತೀನಿ ಅನ್ನೋ ಹುಡುಗರಿದ್ದರೆ ಸಭಾಪಾಲಕರು ಕೂತು ಮಾತಾಡಬೇಕು.


ಉತ್ತರ 3: ವೆಸ್ಲಿ_ಓದುಗ

ಉಪದೇಶಿಯವರು ಹೇಳಿದ್ದರಲ್ಲಿ ಒಂದು ಮಾತಿಗೆ ನನ್ನ ತಕರಾರಿದೆ. ಒಡಂಬಡಿಕೆ ಭಾನುವಾರ ಮುಗಿದ ಮೇಲೆ ಉಪವಾಸ ಇಡೋದು ಕ್ರಮ ತಿರುವುಮುರುವು ಮಾಡಿದ ಹಾಗೆ.

ಈ ಆರಾಧನೆ ಮೊದಲು ನಡೆದ ಬಗೆ ನೋಡಿ. 1755ರ ಆಗಸ್ಟ್‌ನಲ್ಲಿ ಮೆಥೊಡಿಸ್ಟ್ ಪಂಥ ಶುರುಮಾಡಿದ ಜಾನ್ ವೆಸ್ಲಿ ಲಂಡನ್ನಿನಲ್ಲಿ ಕೆಲವು ದಿನ ಬೆಳಿಗ್ಗೆ ಬೆಳಿಗ್ಗೆ ಒಡಂಬಡಿಕೆ ಅಂದರೇನು ಅಂತ ಬಿಡಿಸಿ ಹೇಳಿದರು. ಶುಕ್ರವಾರ ಎಲ್ಲರೂ ಉಪವಾಸವಿದ್ದು, ಕೊಡಲಿರುವ ಮಾತನ್ನು ತಿಳಿದು ಕೊಡೋಕೂ ಉಳಿಸಿಕೊಳ್ಳೋಕೂ ಬಲ ಬೇಕೆಂದು ಬೇಡಿಕೊಂಡರು. ಆಮೇಲೆ 11ನೇ ತಾರೀಖು ಸೋಮವಾರ ಸಂಜೆ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ಸುಮಾರು 1800 ಜನ ಎದ್ದು ನಿಂತು ಒಡಂಬಡಿಕೆ ಮಾಡಿಕೊಂಡರು. ಮೊದಲು ಬೋಧನೆ, ನಂತರ ಉಪವಾಸ, ಕೊನೆಗೆ ಒಪ್ಪಿಸಿಕೊಡೋದು. ಹಳೇ ಮೈಸೂರು ಸೀಮೆಯ ಸಿಎಸ್‌ಐ ಸಭೆಗಳಲ್ಲಿ ಎಷ್ಟೋ ಸಭೆಗಳು 1947ರವರೆಗೆ ವೆಸ್ಲಿಯನ್ ಮೆಥೊಡಿಸ್ಟರವು. ಈ ರೂಢಿ ನಮಗೆ ಬಂದದ್ದು ಆ ದಾರಿಯಿಂದ.

ಆ ಪ್ರಾರ್ಥನೆಯಲ್ಲಿ ನಾವು ಹೇಳೋದು ಸಣ್ಣ ಮಾತಲ್ಲ. ನಾನಿನ್ನು ನನ್ನವನಲ್ಲ, ನಿನ್ನವನು. ನನ್ನನ್ನು ಕೆಲಸಕ್ಕೆ ಹಚ್ಚು ಇಲ್ಲವೆ ಬದಿಗಿಡು, ತುಂಬಿಸು ಇಲ್ಲವೆ ಬರಿದುಮಾಡು ಅಂತ ಹೇಳ್ತೀವಿ. ಪುಸ್ತಕ ತೆರೆದು ಓದಿ ಮುಗಿಸಿದರೆ ಮೂರು ನಿಮಿಷ. ಒಂದು ಹೊತ್ತು ಹಸಿದಿದ್ದು, ನೆಹೆಮೀಯ 9ನೇ ಅಧ್ಯಾಯವನ್ನೋ ಕೀರ್ತನೆ 139ನ್ನೋ ನಿಧಾನವಾಗಿ ಓದಿ, ಮನೆಯಲ್ಲಿ ಯಾರ ಹತ್ತಿರ ಮಾತು ಬಿಟ್ಟಿದ್ದೀವೋ ಅವರ ಹತ್ತಿರ ಹೋಗಿ ಬಂದು, ಆಮೇಲೆ ಅದನ್ನು ಹೇಳಿದರೆ ಬಾಯಲ್ಲಿ ಆ ಮಾತಿನ ಭಾರ ಗೊತ್ತಾಗುತ್ತೆ.

ಹಾಗಾಗಿ ನನ್ನ ಸಲಹೆ: 2ನೇ ತಾರೀಖು ಶನಿವಾರ ಮೊದಲ ದಿನ. ಭಾನುವಾರ ಒಡಂಬಡಿಕೆ, ಪ್ರಭುಭೋಜನ, ಎಲ್ಲರೂ ಸಂತೋಷವಾಗಿ ಊಟ ಮಾಡಿ. ಸೋಮವಾರ 4, ಮಂಗಳವಾರ 5 ಉಳಿದೆರಡು ದಿನ. ಮೂರು ದಿನ ಒಂದೇ ಸಾಲಾಗಿರಬೇಕು ಅನ್ನೋ ಕಟ್ಟಳೆ ಏನಿಲ್ಲ. 6ನೇ ತಾರೀಖು ಪ್ರಕಟಣೆಯ ಹಬ್ಬ, ಜ್ಞಾನಿಗಳು ಕೂಸಾದ ಯೇಸುವನ್ನು ಕಂಡು ಅಡ್ಡಬಿದ್ದ ದಿನ. ಅದನ್ನೂ ಉಪವಾಸದೊಳಗೆ ಎಳೆದುಕೊಳ್ಳೋದು ತಪ್ಪುತ್ತೆ.


ಉತ್ತರ 4: ಹಳೇ_ಉಪದೇಶಿ

ವೆಸ್ಲಿ ಓದುಗರು ಹೇಳಿದ ಕ್ರಮವೇ ಒಳ್ಳೆಯದು. 6ರ ಹಬ್ಬವನ್ನು ನಾನು ಲೆಕ್ಕಕ್ಕೆ ತಗೊಂಡಿರಲಿಲ್ಲ. 2, 4, 5 ಇಟ್ಟುಕೊಳ್ಳಿ.


ಉತ್ತರ 5: ಕರಾವಳಿ_ಕಥೋಲಿಕ

ನಮ್ಮ ಕಡೆಯ ಕ್ರಮ ಹೇಳ್ತೇನೆ, ವಯಸ್ಸಾದವರಿಗೆ ಅನುಕೂಲ ಆಗಬಹುದು. ಕಥೋಲಿಕ ಧರ್ಮಸಭೆಯಲ್ಲಿ ಜನವರಿ 1 ದೇವಮಾತೆ ಮರಿಯಮ್ಮನವರ ಮಹೋತ್ಸವ, ಉಪವಾಸದ ದಿನ ಅಲ್ಲ. 1968ರಿಂದ ಅದೇ ದಿನವನ್ನು ವಿಶ್ವಶಾಂತಿ ದಿನವಾಗಿಯೂ ಆಚರಿಸ್ತೇವೆ. ಕಡ್ಡಾಯ ಉಪವಾಸ ವರ್ಷಕ್ಕೆ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ, ಅದೂ 18ರಿಂದ 59 ವಯಸ್ಸಿನವರಿಗೆ. ಆ ದಿನಗಳ ಲೆಕ್ಕ ಹೀಗೆ: ಒಂದು ಪೂರ್ಣ ಊಟ, ಬೇಕಾದರೆ ಇನ್ನೆರಡು ಸಲ ಸ್ವಲ್ಪ ಆಹಾರ, ಆ ಎರಡು ಸೇರಿದರೂ ಇನ್ನೊಂದು ಪೂರ್ಣ ಊಟದಷ್ಟು ಆಗಬಾರದು. ಎಪ್ಪತ್ತರವರಿಗೆ, ಮಾತ್ರೆ ನುಂಗಲೇಬೇಕಾದವರಿಗೆ ಈ ಅಳತೆ ಹೊಂದುತ್ತದೆ. ಅರ್ಧ ಲೋಟ ಗಂಜಿ ಕುಡಿದು ಮಾತ್ರೆ ತಗೊಂಡರೆ ಉಪವಾಸ ಕೆಟ್ಟಿತು ಅಂತ ಆಗುವುದಿಲ್ಲ.

ಜನವರಿ 18ರಿಂದ 25ರವರೆಗೆ ಕ್ರೈಸ್ತ ಐಕ್ಯತೆಯ ಪ್ರಾರ್ಥನಾ ವಾರ. 1908ರಲ್ಲಿ ಶುರುವಾದದ್ದು. ನಿಮ್ಮ ಊರಿನ ಕಥೋಲಿಕ ಧರ್ಮಕೇಂದ್ರದವರನ್ನು ಕೇಳಿ ನೋಡಿ, ಒಂದು ಸಂಜೆ ಒಟ್ಟಿಗೆ ಪ್ರಾರ್ಥಿಸಬಹುದು.


ಉತ್ತರ 6: ಅಡುಗೆಮನೆ_ಆಂಟಿ

ಯೌವನಸ್ಥರ ದಾನಿಯೇಲನ ಉಪವಾಸಕ್ಕೆ ಬರೋಣ. ದಾನಿಯೇಲ 1ನೇ ಅಧ್ಯಾಯದಲ್ಲಿ ಇರೋದು ಹತ್ತು ದಿನ, ಕಾಯಿಪಲ್ಯ ಮತ್ತು ನೀರು, ಅರಸನ ಊಟ ತನ್ನನ್ನು ಅಶುದ್ಧ ಮಾಡಬಾರದು ಅಂತ. 21 ದಿನ ಬರೋದು 10ನೇ ಅಧ್ಯಾಯದಲ್ಲಿ. ಅಲ್ಲಿ ಅವನು ದುಃಖದಲ್ಲಿದ್ದು ರುಚಿಯಾದ ಊಟ, ಮಾಂಸ, ದ್ರಾಕ್ಷಾರಸ ಬಿಟ್ಟ, ಎಣ್ಣೆಯನ್ನೂ ಹಚ್ಚಿಕೊಳ್ಳಲಿಲ್ಲ. ಈಗ ಎಲ್ಲರೂ ಮಾಡೋ ಪಟ್ಟಿ ಎರಡನ್ನೂ ಕಲಸಿದ್ದು: ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರು, ತುಪ್ಪ, ಸಕ್ಕರೆ, ಬೆಲ್ಲ, ಮೈದಾ, ಕರಿದದ್ದು, ಕಾಫಿ, ಟೀ ಬಿಡೋದು, ಧಾನ್ಯ, ಕಾಳು, ಸೊಪ್ಪು, ತರಕಾರಿ, ಹಣ್ಣು, ಶೇಂಗಾ ತಿನ್ನೋದು.

ನಮ್ಮ ಅಡುಗೆಗೆ ಇದು ಕಷ್ಟವೇ ಅಲ್ಲ. ಮುದ್ದೆ ಸೊಪ್ಪಿನ ಸಾರು, ಜೋಳದ ರೊಟ್ಟಿ ಮಡಕೆಕಾಳು ಪಲ್ಯ, ಹೆಸರುಬೇಳೆ ಕೋಸಂಬರಿ, ಹುರುಳಿಕಾಳು ಬಸ್ಸಾರು ಎಲ್ಲ ನಡೆಯುತ್ತೆ. ಹಾಗಾಗಿಯೇ ಎಡವೋದೂ ಸುಲಭ. ಮೊಸರಿಲ್ಲದ ವೆಜ್ ಬಿರಿಯಾನಿ, ಬಾದಾಮಿ ಹಾಲಿನ ಪಾಯಸ ಖರ್ಜೂರ ಹಾಕಿ, ಹೀಗೆ ಪಟ್ಟಿಯೊಳಗೇ ಹಬ್ಬದಡುಗೆ ಮಾಡಿಕೊಂಡರೆ ರುಚಿಯಾದ ಊಟ ಬಿಟ್ಟಂತೆ ಎಲ್ಲಾಯಿತು? ದಿನಕ್ಕೆ ಒಂದು ಧಾನ್ಯ, ಒಂದು ಕಾಳು, ಒಂದು ಸೊಪ್ಪು, ಒಂದು ಹಣ್ಣು ಅಂತ ಇಟ್ಟುಕೊಳ್ಳಿ. ಅಡುಗೆಮನೆಯಲ್ಲಿ ಉಳಿದ ಹೊತ್ತು ಪ್ರಾರ್ಥನೆಗೆ ಸಿಗಬೇಕು. ಮೂರು ಹೊತ್ತು ವಿಶೇಷ ಅಡುಗೆ ಮಾಡ್ತಾ ಹೆಂಗಸರು ಒಲೆ ಮುಂದೆಯೇ ನಿಂತರೆ ಮನೆಯಲ್ಲಿ ಉಪವಾಸ ಮಾಡಿದವರು ಯಾರು, ದುಡಿದವರು ಯಾರು?

ಎರಡನೇ ತಪ್ಪು, ಬರೀ ಅನ್ನ ಮುದ್ದೆಯಲ್ಲೇ ಹೊಟ್ಟೆ ತುಂಬಿಸೋದು. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 50 ಗ್ರಾಂ ಒಣ ಕಾಳಲ್ಲಿ 12 ಗ್ರಾಂ, ಒಂದು ಹಿಡಿ ಶೇಂಗಾದಲ್ಲಿ 7 ಗ್ರಾಂ ಸಿಗುತ್ತೆ, ಉಳಿದದ್ದು ಧಾನ್ಯದಿಂದ. ಕಾಳು ದಿನಕ್ಕೆ ಎರಡು ಸಲ ಇರಲೇಬೇಕು. ದಿಢೀರನೆ ಕಾಳು ಹೆಚ್ಚಿಸಿದರೆ ಹೊಟ್ಟೆಯುಬ್ಬರ ಬರುತ್ತೆ. ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಇಂಗು ಶುಂಠಿ ಹಾಕಿ ಬೇಯಿಸಿ. ಮೊದಲ ವಾರ ಹೆಸರುಕಾಳು, ಕಡಲೆ ರಾಜ್ಮಾ ಆಮೇಲೆ.

ಜನವರಿಯ 21 ದಿನದ ನಡುವೆ ಸಂಕ್ರಾಂತಿ ಬರುತ್ತೆ. ಪಕ್ಕದ ಮನೆ ಮಕ್ಕಳು ಎಳ್ಳು ಬೆಲ್ಲ ಕಬ್ಬು ತಂದುಕೊಟ್ಟಾಗ 'ನಾವು ಉಪವಾಸ' ಅಂತ ಬಾಗಿಲಲ್ಲೇ ಹೇಳಿ ಕಳಿಸಬೇಡಿ. ಮತ್ತಾಯ 6:16ರಿಂದ 18 ಓದಿ, ಉಪವಾಸ ಮಾಡುವಾಗ ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೋ ಅಂತ ಕರ್ತನು ಹೇಳಿದ್ದು ಇಂಥ ಹೊತ್ತಿಗೇ. ನಗುತ್ತಾ ತಗೊಳ್ಳಿ, ಮಗುವಿನ ಕೈಗೆ ಒಂದು ಹಣ್ಣು ಕೊಡಿ. ಎಳ್ಳು ಬೆಲ್ಲ ಡಬ್ಬಿಯಲ್ಲಿಟ್ಟರೆ ತಿಂಗಳು ಕೆಡಲ್ಲ. ಅವರೇ ಕೂತು ತಿನ್ನಿ ಅಂತ ಒತ್ತಾಯ ಮಾಡಿದರೆ ಒಂದು ಚಿಟಿಕೆ ತಿಂದರೂ ಪ್ರಾರ್ಥನೆ ಮುರಿಯಲ್ಲ.

ಇನ್ನು ನಿಮ್ಮ 40 ಜನ ಸಂಜೆ ಉಪವಾಸ ಬಿಡೋಕೆ ರಾಗಿ ಅಂಬಲಿ ಮಾಡಿ. ಒಬ್ಬರಿಗೆ 200 ಮಿಲಿ ಲೆಕ್ಕಕ್ಕೆ 8 ಲೀಟರ್ ಬೇಕು. 400 ಗ್ರಾಂ ರಾಗಿ ಹಿಟ್ಟನ್ನು ಒಂದು ಲೀಟರ್ ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ. 6 ಲೀಟರ್ ನೀರು ಕುದಿ ಬಂದಾಗ ಸಣ್ಣ ಧಾರೆಯಲ್ಲಿ ಸುರೀತಾ ಕೈಬಿಡದೆ ತಿರುವಿ. ಉರಿ ಇಳಿಸಿ ಹತ್ತು ಹನ್ನೆರಡು ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ ಬಣ್ಣ ಗಾಢವಾದರೆ ಬೆಂದಿದೆ. ಪೂರ್ತಿ ಆರಿದ ಮೇಲೆ ಒಂದು ಲೀಟರ್ ಮಜ್ಜಿಗೆ, ಉಪ್ಪು. ಬಿಸಿ ಇರುವಾಗಲೇ ಮಜ್ಜಿಗೆ ಹಾಕಿದರೆ ಒಡೆದು ನೀರು ಬೇರೆ, ಹಿಟ್ಟು ಬೇರೆ ಆಗುತ್ತೆ. ಹಾಲು ಮೊಸರು ಬಿಟ್ಟವರಿಗೆ ಮೊದಲೇ ಬೇರೆ ತೆಗೆದಿಟ್ಟು ನಿಂಬೆರಸ ಹಿಂಡಿ. ಅಂಬಲಿ ಕುಡಿದು ಅರ್ಧ ಗಂಟೆ ಬಿಟ್ಟು ಮೆತ್ತಗಿನ ಅನ್ನ, ತೆಳು ಬೇಳೆ ಸಾರು. ಕೊನೆಯ ದಿನ ಯಾರಾದರೂ ಪ್ರೀತಿಯಿಂದ ಬಿರಿಯಾನಿ ಕೊಡಿಸ್ತೀನಿ ಅಂದರೆ ಮರುದಿನ ಮಧ್ಯಾಹ್ನಕ್ಕೆ ಹೇಳಿ.


ಉತ್ತರ 7: ಸಭೆಯ_ಕಾರ್ಯದರ್ಶಿ

ಎಲ್ಲರಿಗೂ ತುಂಬಾ ವಂದನೆ. ವಾರ್ಡ್ ಸಿಸ್ಟರ್ ಬರೆದದ್ದನ್ನು ಸಭಾಪಾಲಕರಿಗೆ ಪೂರ್ತಿ ಓದಿ ಹೇಳ್ತೀನಿ. 2, 4, 5ರ ಬಗ್ಗೆ ಸಮಿತಿಯವರ ಹತ್ತಿರವೂ ಮಾತಾಡ್ತೀನಿ. ಇನ್ನು ಕೂಟ ನಡೆಸೋ ಕ್ರಮ ಮತ್ತು ಸರಪಳಿ ಪ್ರಾರ್ಥನೆ (ಒಬ್ಬರಾದ ಮೇಲೊಬ್ಬರು ಬಿಡದೆ ಪ್ರಾರ್ಥಿಸೋದು) ಬಗ್ಗೆ ಯಾರಾದರೂ ಹೇಳ್ತೀರಾ? ವಾಚ್ ನೈಟ್‌ನಲ್ಲಿ ವಾಗ್ದಾನ ವಚನದ ಕಾರ್ಡು ಕೊಡೋದೂ ಇದೆ.


ಉತ್ತರ 8: ಪ್ರಾರ್ಥನಾ_ಸಂಯೋಜಕ

ಬ್ರದರ್, ವಾಚ್ ನೈಟ್‌ನಿಂದಲೇ ಶುರು ಮಾಡ್ತೀನಿ. ಅಲ್ಲಿ ಕೆಡೋದು ಯಾವಾಗಲೂ ಹೊತ್ತಿನ ಲೆಕ್ಕ. ದೇವರು ಮಾಡಿದ್ದನ್ನು ಹೇಳೋ ಸಾಕ್ಷಿಗಳು ಉದ್ದವಾಗಿ, ಪ್ರಸಂಗ ತಡವಾಗಿ, ಹನ್ನೆರಡು ಹೊಡೆಯುವಾಗ ಯಾರೋ ಪ್ರಕಟಣೆ ಓದ್ತಾ ಇರ್ತಾರೆ. 10:30ಕ್ಕೆ ಆರಂಭಿಸಿ, ಸಾಕ್ಷಿ ಐದೇ ಜನಕ್ಕೆ, ಮೂರು ಮೂರು ನಿಮಿಷ, ಹೆಸರು ಮೊದಲೇ ಬರೆದಿರಲಿ. 11:40ಕ್ಕೆ ಪ್ರಸಂಗ ಮುಗಿಯಲೇಬೇಕು. 11:45ರಿಂದ ಹನ್ನೆರಡರವರೆಗೆ ಹಾಡು, ಮೈಕು ಏನೂ ಇಲ್ಲದೆ ಎಲ್ಲರೂ ಮೊಣಕಾಲೂರಿ ಮೌನ. ಗಂಟೆ ಹೊಡೆದ ಮೇಲೆ ಕರ್ತನ ಪ್ರಾರ್ಥನೆ, ಅರಣ್ಯಕಾಂಡ 6:24ರಿಂದ 26ರ ಆಶೀರ್ವಚನ, ಪ್ರಭುಭೋಜನ. ಧ್ವನಿವರ್ಧಕ ಹೊರಗೆ ಬೇಡ. 2000ದ ಶಬ್ದಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಬಳಸುವಂತಿಲ್ಲ. ಬೆಳಗಿನ 5:30ರ ಕೂಟಕ್ಕೂ ಇದೇ ನಿಯಮ. ಕಿಟಕಿ ಬಾಗಿಲು ಮುಚ್ಚಿ, ಒಳಗೆ ಕೇಳಿಸುವಷ್ಟೇ ಇಡಿ.

ವಾಗ್ದಾನದ ಕಾರ್ಡಿನ ವಿಷಯದಲ್ಲಿ ಒಂದು ಬದಲಾವಣೆ ಮಾಡಿ. ಚೀಟಿ ಎತ್ತಿದ ಹಾಗೆ ಒಂದು ವಚನ ಎತ್ತಿ, ಫ್ರೇಮಿಗೆ ಹಾಕಿ, ವರ್ಷವಿಡೀ ಅದೇ ಅಂತ ಕೂತರೆ ವಚನಕ್ಕೇ ಅನ್ಯಾಯ. ಯೆರೆಮೀಯ 29:11 ಎಲ್ಲರಿಗೂ ಬೇಕು. ಅದರ ಹಿಂದಿನ ವಚನದಲ್ಲೇ ಬಾಬೆಲಿನಲ್ಲಿ 70 ವರ್ಷ ತುಂಬಬೇಕು ಅಂತಿದೆ. ಅದನ್ನು ಕೇಳಿಸಿಕೊಂಡವರಲ್ಲಿ ಎಷ್ಟೋ ಜನ ಊರಿಗೆ ಮರಳುವ ಮುಂಚೆಯೇ ತೀರಿಕೊಂಡಿರ್ತಾರೆ. ಮನೆ ಕಟ್ಟಿ, ತೋಟ ಮಾಡಿ, ಇರುವ ಪಟ್ಟಣದ ಒಳಿತಿಗಾಗಿ ಪ್ರಾರ್ಥಿಸಿ ಅನ್ನೋದು ಅದೇ ಪತ್ರದ 5ರಿಂದ 7ನೇ ವಚನ. ಕಾರ್ಡಿನಲ್ಲಿ ವಚನದ ಕೆಳಗೆ 'ಈ ವಾರ ಪೂರ್ತಿ ಅಧ್ಯಾಯ ಓದಿ' ಅಂತ ಒಂದು ಸಾಲು ಅಚ್ಚು ಹಾಕಿಸಿ, ಖರ್ಚೇನೂ ಹೆಚ್ಚಾಗಲ್ಲ.

ಉಪವಾಸದ ದಿನ ಮೂರು ಕೂಟ ಸಾಕು: ಬೆಳಿಗ್ಗೆ 5:30ರಿಂದ 6:15, ಮಧ್ಯಾಹ್ನ 1ರಿಂದ 1:45, ಸಂಜೆ 6:30ರಿಂದ 8. ಮಧ್ಯಾಹ್ನದ್ದು ಊಟದ ಬಿಡುವಿನ ಹೊತ್ತಾದ್ದರಿಂದ ಸೋಮವಾರ, ಮಂಗಳವಾರ ಕೆಲಸಕ್ಕೆ ಹೋಗೋರು ಇದ್ದಲ್ಲೇ ಪ್ರಾರ್ಥಿಸಬಹುದು. ನೆಹೆಮೀಯ 9:3ರಲ್ಲಿ ಜನರು ಹಗಲಿನ ಕಾಲುಭಾಗ ಧರ್ಮಶಾಸ್ತ್ರ ಓದಿದರು, ಇನ್ನು ಕಾಲುಭಾಗ ಪಾಪ ಅರಿಕೆ ಮಾಡಿ ಆರಾಧಿಸಿದರು ಅಂತಿದೆ. ಓದಿದಷ್ಟೇ ಹೊತ್ತು ಪ್ರಾರ್ಥನೆ. ನಮ್ಮ ಕೂಟಗಳಲ್ಲಿ ಪ್ರಸಂಗ ಮುಕ್ಕಾಲು ಗಂಟೆ, ಪ್ರಾರ್ಥನೆ ಹತ್ತು ನಿಮಿಷ ಆಗೋದೇ ಹೆಚ್ಚು. ಸಂಜೆಯ 90 ನಿಮಿಷದಲ್ಲಿ ಸ್ತುತಿ 15, ವಾಕ್ಯ 20, ಮೌನವಾಗಿ ಅರಿಕೆ 10, ವಿಜ್ಞಾಪನೆ, ಅಂದರೆ ಇತರರಿಗಾಗಿ ಬೇಡೋದು, 35, ಉಳಿದ ಹತ್ತು ಮುಕ್ತಾಯಕ್ಕೆ. ಶನಿವಾರ ಅರಿಕೆ ಮತ್ತು ಒಪ್ಪಿಸಿಕೊಡುವಿಕೆ: ಕೀರ್ತನೆ 51, ನೆಹೆಮೀಯ 9. ಸೋಮವಾರ ಮನೆ ಮತ್ತು ಸಭೆ. ಮಂಗಳವಾರ ಊರು, ನಾಡು, ಅಧಿಕಾರದಲ್ಲಿರೋರು: 1 ತಿಮೊಥೆಯ 2:1ರಿಂದ 4, ಯೆಶಾಯ 58.

ವಿಜ್ಞಾಪನೆಯನ್ನು 40 ಜನ ಒಟ್ಟಿಗೆ ಕೂತು ಮಾಡಬೇಡಿ. ಚೆನ್ನಾಗಿ ಮಾತಾಡೋ ನಾಲ್ಕು ಜನವೇ ಪ್ರಾರ್ಥಿಸಿ ಉಳಿದವರು ಆಮೆನ್ ಅನ್ನೋದಾಗುತ್ತೆ. ಐದೈದು ಜನರ ಎಂಟು ಗುಂಪು ಮಾಡಿ, ಗುಂಪಿಗೊಂದು ವಿಷಯಗಳ ಹಾಳೆ ಕೊಡಿ, ಒಬ್ಬರು ಒಂದು ವಿಷಯಕ್ಕೆ ಎರಡು ನಿಮಿಷ. ಬಾಯಿಬಿಟ್ಟು ಪ್ರಾರ್ಥಿಸೋಕೆ ಅಂಜುವವರು ಹಾಳೆಯಲ್ಲಿರೋ ವಾಕ್ಯವನ್ನೇ ಓದಲಿ, ಅದೂ ಪ್ರಾರ್ಥನೆಯೇ. ರೋಗಿಗಳ ಕಾಯಿಲೆ, ಸಂಸಾರದ ಜಗಳ, ಸಾಲ ಇವನ್ನು ಹೆಸರು ಹಾಕಿ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಡಿ. ಪ್ರಾರ್ಥನೆ ವಿಷಯ ಅಂತ ಶುರುವಾದದ್ದು ಸಂಜೆಯೊಳಗೆ ಊರಿಡೀ ಸುದ್ದಿಯಾಗುತ್ತೆ, ಆಮೇಲೆ ಯಾರೂ ಕಷ್ಟ ಹೇಳಿಕೊಳ್ಳಲ್ಲ. ಹಾಳೆಯಲ್ಲಿ 'ಒಬ್ಬ ತಾಯಿಯ ಆಪರೇಷನ್' ಅಂದರೆ ಸಾಕು. ಮಂಗಳವಾರ ರಾತ್ರಿ ಹಾಳೆಗಳನ್ನು ವಾಪಸ್ ತಗೊಂಡು ಸುಟ್ಟುಬಿಡಿ.

ಸರಪಳಿ ಪ್ರಾರ್ಥನೆ ಇಡೀ 24 ಗಂಟೆ ಇಡೋಕೆ ನಿಮ್ಮ ಸಂಖ್ಯೆ ಸಾಲದು. ಅರ್ಧ ಗಂಟೆಗೊಂದು ಸರದಿ ಅಂದರೆ 48 ಸರದಿ. ಒಬ್ಬರೇ ಕೂತರೆ ರಾತ್ರಿ ಎರಡರಿಂದ ನಾಲ್ಕರ ನಡುವೆ ಸರಪಳಿ ಕಡಿಯುತ್ತೆ. ಬೆಳಿಗ್ಗೆ 6ರಿಂದ ಸಂಜೆ 6 ಇಡಿ. 24 ಸರದಿಗೆ ಇಬ್ಬಿಬ್ಬರಂತೆ 48 ಜನ ಬೇಕು, ಅಂದರೆ ಎಂಟು ಜನ ಎರಡು ಸಲ ಕೂರಬೇಕು. ಪಟ್ಟಿ ಬರೆಸುವಾಗ ಮಧ್ಯಾಹ್ನ 2ರಿಂದ 4:30ರ ಸರದಿ ಮೊದಲು ತುಂಬಿಸಿ, ಬೆಳಗಿನದ್ದು ತಾನಾಗಿ ತುಂಬುತ್ತೆ. ನಿಮ್ಮ ಸರದಿ ಮುಗಿಯೋ ಐದು ನಿಮಿಷ ಮುಂಚೆ ಮುಂದಿನವರಿಗೆ ನೀವೇ ಫೋನ್ ಮಾಡಬೇಕು, ಅವರು ಎತ್ತೋವರೆಗೆ ನೀವು ಏಳಬಾರದು ಅನ್ನೋ ಒಂದು ನಿಯಮ ಸಾಕು.

ಕೊನೆಗೆ ಹಣದ ಮಾತು. ಯೆಶಾಯ 58ರಲ್ಲಿ ದೇವರು ಮೆಚ್ಚುವ ಉಪವಾಸ ಹಸಿದವರಿಗೆ ಅನ್ನ ಹಂಚೋದರ ಜೊತೆ ಕಟ್ಟಿಕೊಂಡಿದೆ. 2ನೇ ಶತಮಾನದ 'ಹೆರ್ಮಾಸನ ಕುರುಬ' ಅನ್ನೋ ಪುಸ್ತಕ ಇನ್ನೂ ನೇರವಾಗಿ ಹೇಳುತ್ತೆ: ಆ ದಿನ ತಿನ್ನಬೇಕಿದ್ದ ಊಟದ ಬೆಲೆ ಲೆಕ್ಕ ಹಾಕಿ ವಿಧವೆಗೋ ಅನಾಥನಿಗೋ ಕೊಡು. ಒಂದು ಊಟಕ್ಕೆ 60 ರೂಪಾಯಿ ಅಂದರೂ ದಿನಕ್ಕೆ 120, ಮೂರು ದಿನಕ್ಕೆ 360. ನಲವತ್ತು ಜನರಿಂದ 14,400. ಹೆಸರಿಲ್ಲದ ಲಕೋಟೆಯಲ್ಲಿ ಹಾಕಿಸಿ, ಯಾರು ಎಷ್ಟು ಹಾಕಿದರು ಅಂತ ನೋಡೋಕೆ ಹೋಗಬೇಡಿ. ಸಭೆಯ ಸಾಮಾನ್ಯ ಲೆಕ್ಕಕ್ಕೆ ಸೇರಿಸಿದರೆ ಬಣ್ಣಕ್ಕೋ ಫ್ಯಾನಿಗೋ ಹೋಗಿಬಿಡುತ್ತೆ. ಯಾವ ಮನೆಗೆ ಕೊಡಬೇಕು ಅಂತ ಸ್ತ್ರೀಯರ ಸಂಘದವರು ಡಿಸೆಂಬರಿನಲ್ಲೇ ಗೊತ್ತುಮಾಡಿಟ್ಟರೆ, 6ರ ಬೆಳಿಗ್ಗೆ ಅಕ್ಕಿ, ಬೇಳೆ, ಎಣ್ಣೆ ತಗೊಂಡು ಹೋಗಿ ಕೊಟ್ಟು ಬರಬಹುದು.